ಹುಬ್ಬಳ್ಳಿಯ ದನಿ, ಮುಂಬಯಿಯ ತಟ್ಟೆ

2021ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರವು ‘ಮುಂಬಯಿ ಕರ್ನಾಟಕ’ವೆಂದು ಕರೆಯಲಾಗುತ್ತಿದ್ದ ಭಾಗಕ್ಕೆ ‘ಕಿತ್ತೂರು ಕರ್ನಾಟಕ’ವೆಂದು ಹೆಸರಿಟ್ಟಿತು. ರಾಣಿ ಚೆನ್ನಮ್ಮನ ನೆನಪನ್ನು ಹೊತ್ತ ಈ ಹೆಸರಿಗೆ ಯಾರ ತಕರಾರೂ ಇರಲಾರದು. ಆದರೆ ಮುಂಬಯಿಯಲ್ಲಿ ನೆಲೆ ನಿಂತ ಕನ್ನಡಿಗರಾದ ನಮಗೆ ಆ ಹಳೆಯ ಹೆಸರಿನೊಡನೆ ಇದ್ದ ನಂಟು ಆಡಳಿತದ್ದು ಮಾತ್ರವಲ್ಲ. ಅದರಲ್ಲಿ ಕಿವಿಯ ಪಾಲೂ ಇದೆ. ಈಚಿನ ತಿಂಗಳುಗಳಲ್ಲಿ ನಾವು ಕೆಲವರು ಕೇಳುತ್ತ, ಒಬ್ಬರಿಗೊಬ್ಬರು ದಾಟಿಸುತ್ತ ಬಂದ ಹಳೆಯ ಧ್ವನಿಮುದ್ರಿಕೆಗಳು ಆ ನಂಟಿನ ಚರಿತ್ರೆಯನ್ನು ಮತ್ತೆ ನೆನಪಿಗೆ ತಂದಿವೆ.

1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಾಪುರ, ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು. ಹುಬ್ಬಳ್ಳಿಯಿಂದ ರೈಲು ಹತ್ತಿ ಇಲ್ಲಿಗೆ ಬಂದಿಳಿದ ಗಾಯಕಿ ಅಂದು ಪರರಾಜ್ಯಕ್ಕೆ ಬಂದವಳಲ್ಲ, ತನ್ನದೇ ರಾಜಧಾನಿಗೆ ಬಂದವಳು. ಉತ್ತರ ಕರ್ನಾಟಕವು ಹಿಂದೂಸ್ತಾನಿ ಸಂಗೀತದ ತವರಾದುದಕ್ಕೆ ಅಬ್ದುಲ್ ಕರೀಂ ಖಾನರ ಮೀರಜನ್ನೂ ಸವಾಯಿ ಗಂಧರ್ವರ ಕುಂದಗೋಳವನ್ನೂ ನಾವು ಮರೆಯದೆ ಹೆಸರಿಸುತ್ತೇವೆ. ಅದೇ ಉಸಿರಿನಲ್ಲಿ ಮುಂಬಯಿಯನ್ನು ಹೆಸರಿಸುವುದು ಕಡಿಮೆ. ಹಾಗೆ ಬಿಟ್ಟರೆ ಆ ಕಥೆಯ ಅರ್ಧ ಭಾಗ ಹೊರಗುಳಿಯುತ್ತದೆ.

ಗಂಗೂಬಾಯಿ ಹಾನಗಲ್ಲರ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಎಳವೆಯಲ್ಲಿ ಗ್ರಾಮಾಫೋನಿನ ಸದ್ದು ಕಿವಿಗೆ ಬಿದ್ದೊಡನೆ ಬೀದಿಗೆ ಓಡಿ, ಕೇಳಿದ್ದನ್ನು ಹಾಡಲು ಯತ್ನಿಸುತ್ತಿದ್ದರು. ಅದೇ ಹುಡುಗಿ 1930ರ ದಶಕದ ಮೊದಲ ವರ್ಷಗಳಲ್ಲಿ ಎಚ್‌ಎಂವಿ ಕಂಪನಿಗಾಗಿ ಹಾಡಿದಳು. ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ ಹುಬ್ಬಳ್ಳಿ’. ಗಾಂಧಾರಿ ಅವರ ಮೂಲ ಹೆಸರು. ಮನೆತನದ ಹೆಸರಿನ ಜಾಗದಲ್ಲಿ ಊರು ಬಂದು ಕುಳಿತಿತ್ತು. ಎಚ್‌ಎಂವಿಯ ತಟ್ಟೆಗಳು ತಯಾರಾಗುತ್ತಿದ್ದುದು ಕಲಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ. ಅರಗಿನಿಂದ ಮಾಡಿದ ಆ ತಟ್ಟೆ ಕೈಜಾರಿದರೆ ಒಡೆಯುವಂಥದು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಆ ಮೂರು ನಿಮಿಷದಲ್ಲಿ ಹಿಡಿದು ಕೊಡುವುದು ಅಂದಿನ ಗಾಯಕರಿಗೆ ಒದಗಿದ ಹೊಸ ಪರೀಕ್ಷೆಯಾಗಿತ್ತು.

ಗಾಂಧಾರಿಯ ಆ ತಟ್ಟೆಗಳನ್ನು ಇಂದು ಕೇಳುವವರು ಮೊದಲು ನಂಬುವುದಿಲ್ಲ. ನಾವು ಬಲ್ಲ ಗಂಗೂಬಾಯಿಯವರ ದನಿ ಗಂಭೀರವಾದದ್ದು, ಗಂಡುದನಿಯೆಂದು ಭ್ರಮೆ ಹುಟ್ಟಿಸುವಷ್ಟು ತುಂಬಿದ್ದು. ತಟ್ಟೆಯಲ್ಲಿರುವುದು ತೆಳುವಾದ, ಏರುಶ್ರುತಿಯ ಎಳೆಯ ಹೆಣ್ಣುದನಿ. ನಡುವೆ ಗಂಟಲ ಬೇನೆಯೂ ಅದರ ಚಿಕಿತ್ಸೆಯೂ ಬಂದುಹೋದವು. ಬದಲಾದ ದನಿಯನ್ನೇ ಅವರು ತಮ್ಮ ಶಕ್ತಿಯನ್ನಾಗಿ ಮಾಡಿಕೊಂಡರು. ಕಳೆದುಹೋದ ಮೊದಲ ದನಿ ಮಾತ್ರ ಆ ಅರಗಿನ ತಟ್ಟೆಗಳಲ್ಲಿಯೇ ಉಳಿಯಿತು. ಎರಡನ್ನೂ ಒಂದರ ಹಿಂದೊಂದು ಕೇಳುವಾಗ ಒಬ್ಬ ಕಲಾವಿದೆ ದಾಟಿಬಂದ ಹಾದಿ ಎಷ್ಟು ದೊಡ್ಡದೆಂಬುದು ಯಾವ ಜೀವನಚರಿತ್ರೆಯೂ ಹೇಳಲಾರದಷ್ಟು ಸ್ಪಷ್ಟವಾಗುತ್ತದೆ.

ಬೀದಿಯಲ್ಲಿ ನಿಂತು ಕೇಳಿದ ಮಕ್ಕಳು ಇನ್ನೂ ಇದ್ದರು. ಗದುಗಿನ ಬಾಲಕ ಭೀಮಸೇನ ಜೋಶಿ ಅಬ್ದುಲ್ ಕರೀಂ ಖಾನರ ಠುಮ್ರಿಯೊಂದರ ತಟ್ಟೆಗೆ ಮರುಳಾದುದು, 1933ರಲ್ಲಿ ಹನ್ನೊಂದರ ವಯಸ್ಸಿನಲ್ಲಿ ಗುರುವನ್ನರಸಿ ಮನೆ ಬಿಟ್ಟುದು ಎಲ್ಲರೂ ಬಲ್ಲ ಸಂಗತಿ. 1943ರಲ್ಲಿ ಅವರು ಮುಂಬಯಿಗೆ ಬಂದು ರೇಡಿಯೋ ಕಲಾವಿದರಾದರು. ಬೆಳಗಾವಿ ಸೀಮೆಯ ಸುಳೇಭಾವಿಯ ಶಿವಪುತ್ರ ಕೋಂಕಾಳಿಮಠ, ಅಂದರೆ ಕುಮಾರ ಗಂಧರ್ವ, ದೊಡ್ಡ ಗಾಯಕರ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಬಾಲಪ್ರತಿಭೆ. 1936ರಲ್ಲಿ ಮುಂಬಯಿಯ ಜಿನ್ನಾ ಹಾಲಿನ ಸಂಗೀತ ಸಮ್ಮೇಳನದಲ್ಲಿ ಆ ಹುಡುಗ ಸಭೆಯನ್ನು ಬೆರಗುಗೊಳಿಸಿದ. ಇದೇ ನಗರದ ಬಿ. ಆರ್. ದೇವಧರರ ಶಾಲೆಯಲ್ಲಿ ಅನುಕರಣೆಯನ್ನು ದಾಟಿ ತನ್ನ ದನಿಯನ್ನು ಕಂಡುಕೊಂಡ. ಮಲ್ಲಿಕಾರ್ಜುನ ಮನ್ಸೂರರ ದಾರಿ ಕೊಂಚ ಬೇರೆ. ಧ್ವನಿಮುದ್ರಿಕೆಗಳಿಂದ ಹೆಸರಾದ ಮೇಲೆಯೂ ಅವರು ಮತ್ತೆ ಶಿಷ್ಯರಾಗಿ ಮುಂಬಯಿಯಲ್ಲಿ ಮಂಜೀಖಾನರ ಮುಂದೆ ಕುಳಿತರು. 1937ರಲ್ಲಿ ಗುರು ತೀರಿಕೊಂಡರು. ಕಲಿಕೆಯನ್ನು ಭೂರ್ಜೀಖಾನರು ಮುಂದುವರಿಸಿದರು. ‘ನನ್ನ ರಸಯಾತ್ರೆ’ಯನ್ನು ಓದಿದವರಿಗೆ ಆ ಗುರುಗಳ ಮೇಲೆ ಅವರಿಗಿದ್ದ ಭಕ್ತಿ ಎಂಥದೆಂದು ಗೊತ್ತು.

ಉಪನಗರದ ಓದುಗರು ಮಲಾಡನ್ನೂ ಈ ನಕ್ಷೆಯಲ್ಲಿ ಗುರುತಿಸಬೇಕು. ಬಾಂಬೆ ಟಾಕೀಸ್ ಸ್ಟುಡಿಯೋ ಅಲ್ಲಿತ್ತು. ಅದರ 1943ರ ‘ಕಿಸ್ಮತ್’ ಚಿತ್ರಕ್ಕೆ ಅನಿಲ್ ಬಿಸ್ವಾಸರ ಸಂಗೀತದಲ್ಲಿ ಹಾಡಿ ದೇಶದ ಮನೆಮಾತಾದವರು ವಿಜಾಪುರ ಜಿಲ್ಲೆಯ ಬೀಳಗಿಯ ಅಮೀರಬಾಯಿ. ಅವರೂ ಮನೆತನದ ಹೆಸರನ್ನು ಹೊತ್ತವರಲ್ಲ. ಹಿಂದಿ ಹಾಡಿನ ತಟ್ಟೆಯ ಮೇಲೆ ‘ಕರ್ನಾಟಕಿ’ ಎಂದೇ ಅಚ್ಚಾಗುತ್ತಿತ್ತು. ಕರ್ನಾಟಕವೆಂಬ ರಾಜ್ಯ ಇನ್ನೂ ಮೂಡಿರದ ಕಾಲವದು. ರಹಮತ್ ತರೀಕೆರೆಯವರು ಆಕೆಯ ಬಗೆಗೆ ಪುಸ್ತಕ ಬರೆದು ಮಾಡಿದ ಉಪಕಾರ ದೊಡ್ಡದು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹೆಸರಿನಲ್ಲಿ ಕನ್ನಡದ ಊರಿದ್ದರೂ ಹಾಡಿನ ನುಡಿ ಬಹುಮಟ್ಟಿಗೆ ವ್ರಜವೋ ಹಿಂದಿಯೋ ಮರಾಠಿಯೋ ಆಗಿತ್ತು. ಹಾಗಿರುವಾಗ ಈ ಸಂಗೀತ ಯಾರದು? ಗಡಿಯ ಜಗಳ ಕಾವೇರಿದಾಗಲೆಲ್ಲ ಭೀಮಸೇನರು ನಮ್ಮವರೋ ನಿಮ್ಮವರೋ ಎಂಬ ಮಾತು ಎರಡೂ ಕಡೆ ಕೇಳಿಬರುತ್ತದೆ. ದಾಸರ ಪದವನ್ನೂ ತುಕಾರಾಮರ ಅಭಂಗವನ್ನೂ ಒಂದೇ ತನ್ಮಯತೆಯಿಂದ ಹಾಡಿದವರನ್ನು ಪಾಲು ಮಾಡುವುದು ಹೇಗೆ? ಹಕ್ಕುಪತ್ರ ಬರೆಸಿಕೊಳ್ಳುವ ಹುಮ್ಮಸ್ಸಿನಲ್ಲಿ ನಾವು ಮರೆಯುವುದೇನೆಂದರೆ, ಈ ಗಾಯಕರನ್ನು ರೂಪಿಸಿದ್ದು ಹಂಚಿಕೊಂಡ ಕಿವಿ. ಗಿರಗಾಂವದ ಮರಾಠಿ ರಸಿಕ, ಧಾರವಾಡದ ವಕೀಲ, ಮುಸ್ಲಿಂ ಉಸ್ತಾದ, ಪಾರ್ಸಿ ಮತ್ತು ಗುಜರಾತಿ ಶ್ರೋತೃ ಇವರೆಲ್ಲ ಒಂದೇ ತಟ್ಟೆಯ ಸುತ್ತ ಇದ್ದರು. ಗ್ರಾಮಾಫೋನ್ ಎಲ್ಲರಿಗೂ ಎಟುಕುವ ವಸ್ತುವಾಗಿರಲಿಲ್ಲ. ಒಬ್ಬನ ಯಂತ್ರ ಇಡೀ ಓಣಿಗೆ ಹಾಡುತ್ತಿತ್ತು. ಕೊಳ್ಳಲಾಗದವನ ಕಿವಿಗೂ ಹಾಡು ಬಿದ್ದದ್ದರಿಂದಲೇ ಗಾಂಧಾರಿಯೂ ಭೀಮಸೇನನೂ ನಮಗೆ ದಕ್ಕಿದರು.

1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾಯಿತು, ಆರು ವರ್ಷದ ಬಳಿಕ ರಾಜ್ಯಗಳ ಗೆರೆ ಬದಲಾಯಿತು. ಮುಂಬಯಿಯ ಪಾತ್ರ ಮೆಲ್ಲನೆ ನೆನಪಿಗೆ ಸರಿಯಿತು. ಕಾಲಾಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಹಾಕಿತು. ಕೊಳ್ಳುವ ಮೊದಲು ಗೂಡಿನಲ್ಲಿ ನಿಂತು ಕೇಳುವ ಅವಕಾಶವಿದ್ದ ಅಂಗಡಿಯದು. ಇಂದು ವಿರಾರಿನಿಂದ ಚರ್ಚ್‌ಗೇಟಿಗೆ ಬರುವ ಲೋಕಲ್‌ನಲ್ಲಿ ಪ್ರತಿಯೊಬ್ಬರ ಕಿವಿಯಲ್ಲೂ ಒಂದೊಂದು ಲೋಕ. ಪಕ್ಕದವನು ಏನು ಕೇಳುತ್ತಿದ್ದಾನೆಂದು ನಮಗೆ ತಿಳಿಯದು. ಅದೇ ಗಾಡಿಯ ಇನ್ನೊಂದು ಡಬ್ಬಿಯಲ್ಲಿ ತಾಳ ಹಿಡಿದು ಕೂಡಿ ಹಾಡುವ ಭಜನಾಮಂಡಳಿ ಇನ್ನೂ ಉಳಿದಿರುವುದು ಸಮಾಧಾನದ ಸಂಗತಿ.

1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ‘ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್’ನಂಥ ಸಂಗ್ರಾಹಕರ ಕೂಟಗಳು ಬಹಳಷ್ಟನ್ನು ಕಾಪಾಡಿವೆ. ಆದರೂ ಹಳೆಯ ಚಾಳುಗಳು ಉರುಳಿ ಗೋಪುರಗಳೇಳುವ ಈ ದಿನಗಳಲ್ಲಿ ಅಟ್ಟದ ತಟ್ಟೆಗಳು ಗುಜರಿಗೆ ಹೋಗುವ ಭಯವಿದ್ದೇ ಇದೆ. ಅಂತರ್ಜಾಲಕ್ಕೆ ಏರಿದ ಹಾಡುಗಳಲ್ಲೂ ಎಷ್ಟೋ ಬಾರಿ ರಾಗದ ಹೆಸರು ಉಳಿದು ಊರಿನ ಹೆಸರು ಬಿಟ್ಟುಹೋಗಿರುತ್ತದೆ. ಆದ್ದರಿಂದ ಓದುಗರಲ್ಲಿ ನಮ್ಮದೊಂದು ಅರಿಕೆ. ಮನೆ ಖಾಲಿ ಮಾಡುವ ಮುನ್ನ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಇಳಿಸಿ, ತಟ್ಟೆಯ ನಡುವಿನ ಚೀಟಿಯನ್ನು ಒಮ್ಮೆ ಓದಿ. ಹಾಡನ್ನು ಇನ್ನೊಬ್ಬರಿಗೆ ಕಳುಹಿಸುವಾಗ ಹಾಡಿದವರ ಹೆಸರಿನ ಜೊತೆ ಅವರ ಊರನ್ನೂ, ಹಾಡಿಸಿದ ಈ ಊರನ್ನೂ ಸೇರಿಸಿ ಕಳುಹಿಸಿ.