ತುಕ್ಕಿನ ಸಾಕ್ಷ್ಯ: ಮುಂಡರಗಿ ಪರಿಸರದ ಹಳೆಯ ಆಯುಧಗಳು ಮತ್ತು ಮರುಹೊಳಪಿನ ಪ್ರಶ್ನೆ

ಉತ್ತರ ಕರ್ನಾಟಕದ ದೇಸಗತಿ ಹಾಗೂ ನಾಡಗೌಡಿಕೆ ಮನೆತನಗಳ ವಾಡೆಗಳನ್ನು ಇಳಿಸುವಾಗ, ಅಟ್ಟ ತೆರವು ಮಾಡುವಾಗ, ಹಾಳುಬಿದ್ದ ಹಗೇವುಗಳನ್ನು ತುಂಬಿಸುವಾಗ ಹಳೆಯ ಆಯುಧಗಳು ಹೊರಬೀಳುವುದುಂಟು. ಕತ್ತಿ, ಕಠಾರಿ, ನಳಿಗೆ ಮಾತ್ರ ಉಳಿದ ಕೋವಿ, ಅಪರೂಪಕ್ಕೊಮ್ಮೆ ರಿವಾಲ್ವರ್. ಇವುಗಳ ಮೈಮೇಲೆ ತುಕ್ಕು ಹೆಪ್ಪುಗಟ್ಟಿರುತ್ತದೆ. ತುಕ್ಕು ಕೆರೆದಲ್ಲಿ ಸಿಡುಬಿನ ಕಲೆಗಳಂತೆ ಗುಳಿಗಳು ಕಾಣುತ್ತವೆ. ಆಗ ಮನೆಯವರ ಮುಂದೆ ಏಳುವ ಮೊದಲ ಪ್ರಶ್ನೆ ಇದನ್ನು ಸಾಣೆ ಹಿಡಿಸಿ, ಹೊಸ ಲೇಪ ಕೊಡಿಸಿ ಮೊದಲಿನಂತೆ ಮಾಡಬೇಕೆ, ಇದ್ದಂತೆಯೇ ಬಿಡಬೇಕೆ ಎಂಬುದು. ಪೂರ್ವಜರ ವಸ್ತುವನ್ನು ಹೊಳೆಯುವಂತೆ ಇಡುವುದು ಗೌರವದ ಲಕ್ಷಣವೆಂಬ ಭಾವನೆ ಸಹಜವೇ. ಆದರೆ ಮುಂಡರಗಿಯ ಸುತ್ತಲಿನ ನೆಲದಲ್ಲಿ ಈ ಪ್ರಶ್ನೆಗೆ 1857-58ರ ಇತಿಹಾಸವೂ ಅಂಟಿಕೊಂಡಿದೆ. ಇಲ್ಲಿ ಆಯುಧವೊಂದು ತುಕ್ಕು ಹಿಡಿದಿರುವುದು ಅಲಕ್ಷ್ಯದಿಂದಲೋ ಅಥವಾ ಅದನ್ನು ಅಡಗಿಸಿಡಬೇಕಾದ ಕಾಲ ಬಂದುದರಿಂದಲೋ ಎಂಬುದನ್ನು ನಿರ್ಣಯಿಸದೆ ಅದರ ಮೈಯನ್ನು ಉಜ್ಜುವುದು ಸಂಶೋಧನೆಯ ದೃಷ್ಟಿಯಿಂದ ತೀರ ಅಪಾಯಕರವಾದುದು.

1857ರಲ್ಲಿ ಉತ್ತರ ಭಾರತದ ದಂಗೆಯ ಸುದ್ದಿ ಹಬ್ಬಿದ ಮೇಲೆ ಕಂಪನಿ ಸರ್ಕಾರವು ಜನರ ಕೈಯಲ್ಲಿದ್ದ ಆಯುಧಗಳನ್ನು ನಿಯಂತ್ರಿಸುವ ಕಾಯಿದೆಯನ್ನು ಜಾರಿಗೆ ತಂದಿತು. ಇದು ಕರ್ನಾಟಕದ ವಾಯವ್ಯ ಭಾಗಕ್ಕೆ ತಂದ ಕ್ಷೋಭೆ ಅಸಾಮಾನ್ಯವಾದುದು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. 1857ರ ನವೆಂಬರ್ ಕೊನೆಯಲ್ಲಿ ಊರು ದಾಳಿಗೆ ಒಳಗಾಯಿತು, ಡಿಸೆಂಬರಿನಲ್ಲಿ ಸೆರೆಸಿಕ್ಕವರಿಗೆ ಗಲ್ಲು ಆಯಿತು. ಈ ಘಟನೆಯನ್ನು ಹೇಳುವ ಪ್ರಸಿದ್ಧ ಲಾವಣಿಯಲ್ಲಿ ಕಥೆ ಆರಂಭವಾಗುವುದೇ ಹತಾರು ಕಸಿದುಕೊಳ್ಳುವ ಹುಕುಮಿನಿಂದ. ಲಾವಣಿಯ ಅಂಕಿತದಲ್ಲಿ ಬರುವ ಕುರ್ತಕೋಟಿಯ ಕಲ್ಮೇಶ ಗದಗ ಸೀಮೆಯ ದೈವ. ಹಲಗಲಿಯ ನೋವು ಗದಗಿನ ಕಡೆಯ ಹಾಡುಗಾರರ ಬಾಯಲ್ಲಿ ನೆಲೆ ನಿಂತಿದ್ದಕ್ಕೆ ಕಾರಣ ಹುಡುಕಬೇಕಾದ್ದಿಲ್ಲ. ಅದೇ ಹುಕುಮು ಈ ಸೀಮೆಯ ಮೇಲೂ ಬಂದಿತ್ತು.

ಮುಂಡರಗಿಯ ಭೀಮರಾಯನ ಬಂಡಾಯದಲ್ಲಿ ಆಯುಧದ ಪಾತ್ರ ಇನ್ನೂ ನೇರವಾದುದು. ತುಂಗಭದ್ರೆಯ ದಂಡೆಯ ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ಆಯುಧಗಳನ್ನು ಸರ್ಕಾರದವರು ಪತ್ತೆಹಚ್ಚಿ ವಶಪಡಿಸಿಕೊಂಡು ಕಾವಲಿರಿಸಿದರು. 1858ರ ಮೇ ತಿಂಗಳ ಕೊನೆಯ ವಾರದಲ್ಲಿ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಆ ಕಾವಲನ್ನು ಮುರಿದು ಆಯುಧಗಳನ್ನು ಮರಳಿ ಪಡೆದರು. ಅಲ್ಲಿಂದ ಮುಂದೆ ಡಂಬಳದ ಖಜಾನೆಯ ಲೂಟಿ, ಅನಂತರ ನಿಜಾಮನ ಸೀಮೆಯಲ್ಲಿದ್ದ ಕೊಪ್ಪಳದ ಕೋಟೆಯ ಸ್ವಾಧೀನ. ಜೂನ್ 1ರಂದು ಮೇಜರ್ ಹ್ಯೂಸನ ಸೇನೆ ಕೋಟೆಯನ್ನು ಹತ್ತಿತು. ಭೀಮರಾಯನೂ ಕೆಂಚನಗೌಡನೂ ಅಲ್ಲಿಯೇ ಮಡಿದರು. ಇದೇ ಅವಧಿಯಲ್ಲಿ, ಮೇ 29ರ ರಾತ್ರಿ, ನರಗುಂದದ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಕೊಂದಿದ್ದರು. ಬಾಬಾಸಾಹೇಬನಿಗೆ ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು.

ಈ ಬಂಡಾಯದ ಇತಿಹಾಸವನ್ನು ಬರೆದವರು ದತ್ತಕ ನಿರಾಕರಣೆ, ಇನಾಂ ತನಿಖೆ, ಕಂದಾಯ ಮೊದಲಾದ ಕಾರಣಗಳನ್ನು ವಿವರವಾಗಿ ಚರ್ಚಿಸಿದ್ದಾರೆ. ಹಮ್ಮಿಗಿಯಲ್ಲಿ ಬಚ್ಚಿಟ್ಟಿದ್ದ ವಸ್ತುಗಳ ಬಗೆಗೆ, ಅಂದರೆ ಆಯುಧಗಳ ಬಗೆಗೇ, ಚರ್ಚೆ ಕಡಿಮೆ. ಯಾವ ಬಗೆಯ ಕೋವಿ, ಎಲ್ಲಿ ತಯಾರಾದುದು, ಹೇಗೆ ಸುತ್ತಿ ಎಲ್ಲಿ ಹುಗಿದದ್ದು ಎಂಬ ಸಂಗತಿಗಳು ಕಾಗದಕ್ಕಿಂತ ಹೆಚ್ಚಾಗಿ ಕಬ್ಬಿಣದ ಮೇಲೆ ಉಳಿಯತಕ್ಕವು. ಆದುದರಿಂದ ಈ ಪರಿಸರದಲ್ಲಿ ದೊರೆಯುವ ಪ್ರತಿಯೊಂದು ತುಕ್ಕು ಹಿಡಿದ ಆಯುಧವನ್ನೂ ಮೊದಲು ಓದಬೇಕು.

ತುಕ್ಕನ್ನು ಓದುವುದೆಂದರೇನು? ಗುಳಿಗಳು ಎಲ್ಲೆಂದರಲ್ಲಿ ಬೀಳುವುದಿಲ್ಲ. ಹಳೆಯ ಕರಿಮದ್ದಿನ ಶೇಷ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹಾರಿಸಿ ತೊಳೆಯದೆ ಇಟ್ಟ ಆಯುಧದಲ್ಲಿ ನಳಿಗೆಯ ಒಳಮೈ, ರಿವಾಲ್ವರಿನ ಗುಂಡುಗೂಡಿನ ಬಾಯಿಗಳು, ಅದರ ಎದುರಿನ ಚೌಕಟ್ಟು ಹೆಚ್ಚು ಕೊರೆದುಹೋಗಿರುತ್ತವೆ. ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇದ್ದುದಾದರೆ ಚರ್ಮ ತಗಲಿದ ಪಕ್ಕೆಯಲ್ಲಿ, ಹದಮಾಡಿದ ಚರ್ಮದ ಆಮ್ಲ ಮತ್ತು ತೇವದಿಂದಾಗಿ, ಗುಳಿಗಳ ಹಾಳೆಯೇ ಕಾಣುತ್ತದೆ. ನೆಲದಲ್ಲಿ ಹುಗಿದ ಆಯುಧದ ಕೆಳಮೈ ಮೇಲ್ಮೈಗಿಂತ ಆಳವಾಗಿ ತಿನ್ನಲ್ಪಟ್ಟಿರುತ್ತದೆ. ತೇವವನ್ನೂ ಲವಣವನ್ನೂ ಹಿಡಿದಿಡುವ ಎರೆಭೂಮಿ ಕಬ್ಬಿಣವನ್ನು ತಿನ್ನುವ ರೀತಿಗೂ ನೀರು ಬಸಿದುಹೋಗುವ ಮಸಾರಿ ಭೂಮಿಯ ರೀತಿಗೂ ಅಂತರವಿದೆ. ಮುಂಡರಗಿ ಸೀಮೆಯಲ್ಲಿ ಇವೆರಡೂ ಇವೆ. ಬಟ್ಟೆಯಲ್ಲಿ ಸುತ್ತಿ ಹುಗಿದಿದ್ದರೆ ಬಟ್ಟೆ ಕೊಳೆತು ಹೋದರೂ ಅದರ ನೇಯ್ಗೆಯ ಎಳೆಗಳು ತುಕ್ಕಿನಲ್ಲಿ ಅಚ್ಚಾಗಿ ಉಳಿಯುತ್ತವೆ. ಪುರಾತತ್ತ್ವಜ್ಞರು ಇಂತಹ ಅಚ್ಚುಗಳಿಂದಲೇ ಪ್ರಾಚೀನ ವಸ್ತ್ರಗಳ ನೇಯ್ಗೆಯನ್ನು ಗುರುತಿಸಿದ್ದಾರೆ. ಒಂದು ಗಂಟೆಯ ಸಾಣೆಯಲ್ಲಿ ಇಷ್ಟೂ ಪುಡಿಯಾಗಿ ನೆಲಕ್ಕೆ ಬೀಳುತ್ತದೆ.

ರಿವಾಲ್ವರಿನ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ವಾಡೆಯಲ್ಲಿ ಸಿಕ್ಕ ಯಾವುದೇ ಹಳೆಯ ಬಂದೂಕಕ್ಕೆ ಬಂಡಾಯದ ವೀರನ ಹೆಸರು ಬೇಗ ಅಂಟಿಕೊಳ್ಳುತ್ತದೆ. ಮೌಖಿಕ ಪರಂಪರೆಯ ಸ್ವಭಾವವೇ ಹಾಗೆ. ಅದು ವಸ್ತುವನ್ನು ತನ್ನ ಪ್ರಿಯ ನಾಯಕನ ಕೈಗೆ ಕೊಡುತ್ತದೆ. 1858ರ ಹೊತ್ತಿಗೆ ರಿವಾಲ್ವರ್ ಹೊಸ ಆಯುಧ. ಅಮೆರಿಕದ ಕೋಲ್ಟ್ ಮತ್ತು ಇಂಗ್ಲೆಂಡಿನ ಆಡಮ್ಸ್ ಮಾದರಿಗಳು 1851ರ ಸುಮಾರಿಗೆ ಪ್ರಚಾರಕ್ಕೆ ಬಂದಿದ್ದು, ಈ ದೇಶದಲ್ಲಿ ಅವು ಹೆಚ್ಚಾಗಿ ಇಂಗ್ಲಿಷ್ ಅಧಿಕಾರಿಗಳ ಸೊಂಟದಲ್ಲಿದ್ದವು. ಬಂಡಾಯಗಾರನ ಕೈಗೆ ಒಂದು ಬಂದಿರುವುದು ಅಸಾಧ್ಯವಲ್ಲ, ವಿರಳ. ವೆಬ್ಲಿ ಕಂಪನಿಯ ಸೈನಿಕ ಮಾದರಿಗಳಲ್ಲಿ ಮೊದಲನೆಯದು 1887ರದು, ಆರನೆಯದು 1915ರದು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹ 1813ರಲ್ಲಿ ಸ್ಥಾಪಿತವಾದುದು. ಹೊಗೆಯಿಲ್ಲದ ಮದ್ದಿಗಾಗಿ ಪರೀಕ್ಷಿಸಿದ್ದನ್ನು ಸೂಚಿಸುವ ಕಿರೀಟ ಮತ್ತು ಎನ್.ಪಿ. ಅಕ್ಷರಗಳ ಮುದ್ರೆಯನ್ನು ಅದು 1904ರಿಂದ ಒತ್ತತೊಡಗಿತು. ಆ ಮುದ್ರೆಯುಳ್ಳ ರಿವಾಲ್ವರನ್ನು ಭೀಮರಾಯನದೆಂದು ಹೇಳುವಂತಿಲ್ಲ. ಹಾಗೆಂದ ಮಾತ್ರಕ್ಕೆ ಕಥೆ ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ: 1858ರ ನೆನಪು ಇಪ್ಪತ್ತನೆಯ ಶತಮಾನದ ಆಯುಧವೊಂದಕ್ಕೆ ವರ್ಗವಾಗಿದೆಯೆಂದರೆ ಜಾನಪದ ಅಧ್ಯಯನಕ್ಕೆ ಅದೇ ಒಂದು ಮೌಲಿಕ ಸಂಗತಿ. ಆದರೆ ಈ ತೀರ್ಮಾನ ನಿಂತಿರುವುದು ಕೂದಲೆಳೆಯಷ್ಟು ಆಳದ ಒಂದು ಮುದ್ರೆಯ ಮೇಲೆ. ಕೋಲ್ಟಿನ ನೌಕಾ ಮಾದರಿಯ ಗುಂಡುಗೂಡಿನ ಸುತ್ತ 1843ರ ಸಮುದ್ರಕಾಳಗದ ಚಿತ್ರವಿದೆ. ಅದು ಎಷ್ಟು ತೆಳುವೆಂದರೆ ಬಹುಕಾಲ ಬಳಸಿದ ಕೈಯ ತಿಕ್ಕಾಟಕ್ಕೇ ಅಳಿದುಹೋಗುತ್ತದೆ. ಹೊಳಪಿನ ಗಾಲಿಯ ಮುಂದೆ ಅದು ನಿಲ್ಲುವುದೆಲ್ಲಿ?

ಮರುಹೊಳಪಿನ ಕೆಲಸವಾದರೂ ಹೇಗೆ ನಡೆಯುತ್ತದೆಂಬುದನ್ನು ತಿಳಿಯಬೇಕು. ಗುಳಿಯನ್ನು ತುಂಬಿಸಲು ಬಾರದು. ಗುಳಿಯ ತಳದವರೆಗೆ ಸುತ್ತಲಿನ ಲೋಹವನ್ನೆಲ್ಲ ತೆಗೆಯಬೇಕು. ಆಗ ಅಂಚುಗಳು ದುಂಡಾಗುತ್ತವೆ, ತಿರುಪಿನ ರಂಧ್ರಗಳ ಬಾಯಿ ತಗ್ಗಾಗುತ್ತದೆ, ಅಕ್ಷರಗಳು ಸವೆಯುತ್ತವೆ, ಗುಂಡುಗೂಡಿನ ಗೋಡೆ ತೆಳುವಾಗುತ್ತದೆ. ಅನಂತರ ಕ್ಷಾರ ಮತ್ತು ನೈಟ್ರೇಟು ಬೆರೆಸಿದ, ನೀರಿಗಿಂತ ಬಹು ಹೆಚ್ಚು ಕಾಯಿಸಿದ ದ್ರಾವಣದಲ್ಲಿ ಅದ್ದಿ ನೀಲಿಗಪ್ಪು ಬಣ್ಣ ಬರಿಸುತ್ತಾರೆ. ಇದು ಇಪ್ಪತ್ತನೆಯ ಶತಮಾನದ ಕಾರ್ಖಾನೆಯ ಪದ್ಧತಿ. ಹಿಂದಿನ ಕುಶಲಕರ್ಮಿಗಳು ಇದ್ದಿಲಿನ ಕಾವಿನಿಂದಲೋ, ಬೇಕೆಂದೇ ತೆಳುವಾದ ತುಕ್ಕು ಬರಿಸಿ ಕುದಿಸಿ ಕಪ್ಪಾಗಿಸಿಯೋ ಆ ಬಣ್ಣ ಪಡೆಯುತ್ತಿದ್ದರು. ಹಳೆಯ ಕೋವಿಗಳ ಚೆಲುವಾದ ಕಪ್ಪು ಕೂಡ ಹದವರಿತು ಸಾಕಿದ ತುಕ್ಕೇ ಆಗಿದೆಯೆಂಬುದು ಸ್ವಾರಸ್ಯಕರ.

ತುಕ್ಕಿನಲ್ಲಿಯೂ ಎರಡು ವಿಧ. ಕೆಂಪಗೆ ಪುಡಿಯುದುರುವ, ಒರೆಸಿದರೂ ಮತ್ತೆ ಮೂಡುವ ತುಕ್ಕು ಜೀವಂತ. ಅದನ್ನು ತಡೆಯದಿದ್ದರೆ ವಸ್ತುವೇ ಉಳಿಯದು. ಕಪ್ಪು ಇಲ್ಲವೆ ಗಾಢ ಕಂದು ಬಣ್ಣದ ಗಟ್ಟಿ ಪದರ ಬಹುಮಟ್ಟಿಗೆ ಸ್ಥಿರವಾದುದು, ಅಡಿಯ ಲೋಹಕ್ಕೆ ಹೊದಿಕೆಯೂ ಹೌದು. ಇದ್ದಂತೆಯೇ ಬಿಡಬೇಕೆನ್ನುವವರು ಈ ಅಂತರವನ್ನು ಮರೆಯುತ್ತಾರೆ. ಕೆಂಪು ತುಕ್ಕನ್ನು ಎಣ್ಣೆಯಲ್ಲಿ ನೆನೆಸಿ, ಅತ್ಯಂತ ಸಣ್ಣೆಳೆಯ ಉಕ್ಕಿನ ನಾರಿನಿಂದ ಮೆಲ್ಲಗೆ ಬಿಡಿಸಿ, ಬೇಕಾದಲ್ಲಿ ಟ್ಯಾನಿಕ್ ಆಮ್ಲದ ತೆಳು ದ್ರಾವಣ ಹಚ್ಚಿ, ಕೊನೆಗೆ ಮೇಣದ ಪದರ ಕೊಡುವುದು ಸಂಗ್ರಹಾಲಯಗಳಲ್ಲಿ ರೂಢವಾಗಿರುವ ಕ್ರಮ. ಮೇಣವನ್ನು ಮುಂದೆ ಯಾವಾಗಲಾದರೂ ತೆಗೆಯಬಹುದು. ಸಾಣೆ ಹಿಡಿದು ಕಳೆದ ಲೋಹವನ್ನು ಮರಳಿ ತರಲಾಗದು. ಬಟ್ಟೆಯ ಅಚ್ಚು ಕಂಡಲ್ಲಿ ನಾರನ್ನೂ ತಾಗಿಸಬಾರದು.

ಶಿವಮೊಗ್ಗ ಜಿಲ್ಲೆಯ ನಗರದ ಉದಾಹರಣೆ ಇಲ್ಲಿ ಪ್ರಸ್ತುತ. ಅಲ್ಲಿನ ಹಾಳುಬಾವಿಯೊಂದರಲ್ಲಿ ಮೊದಲು ದೊರೆತ ಕಬ್ಬಿಣದ ಕೊಳವೆಗಳು ಮೈಸೂರಿನ ಯುದ್ಧ ರಾಕೆಟ್ಟುಗಳೆಂದು ಗುರುತಾಗಲು ವರ್ಷಗಳೇ ಹಿಡಿದವು. 2018ರಲ್ಲಿ ಪುರಾತತ್ತ್ವ ಇಲಾಖೆ ಉತ್ಖನನ ನಡೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು. ಬಾವಿಯ ಮಣ್ಣಿನಲ್ಲಿ ಮದ್ದಿನ ವಾಸನೆಯಿದ್ದುದೇ ಉತ್ಖನನಕ್ಕೆ ಪ್ರೇರಣೆಯಾಯಿತು. ಆ ತುಕ್ಕು ಹಿಡಿದ ಕೊಳವೆಗಳನ್ನು ಯಾರಾದರೂ ತೊಳೆದು ಬಣ್ಣ ಬಳಿದಿದ್ದರೆ ಒಳಗಿನ ಮದ್ದು ಪರೀಕ್ಷೆಗೆ ಸಿಗುತ್ತಿರಲಿಲ್ಲ.

ಇದಕ್ಕೆ ವಿರುದ್ಧವಾದ ಸ್ಥಿತಿ ಕೊಡಗಿನಲ್ಲಿದೆ. ಕೊಡವರಿಗೆ 1861ರಲ್ಲಿ ನಿಶ್ಶಸ್ತ್ರೀಕರಣ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಪ್ರತಿವರ್ಷ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿ, ಒಡಿಕತ್ತಿಗಳನ್ನು ಶುಚಿಗೊಳಿಸಿ, ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಎಣ್ಣೆ ಕಾಣುತ್ತ ಬಂದ ಆ ಕೋವಿಗೆ ತುಕ್ಕೆಂಬುದು ಅಪವಾದ. ಮುಂಡರಗಿ ಸೀಮೆಯಲ್ಲಿಯೂ ಖಂಡೇನವಮಿಯ ಪೂಜೆಯಿದೆ, ಬನ್ನಿ ಹಂಚುವುದಿದೆ. ಆದರೆ 1858ರಲ್ಲಿ ಬಚ್ಚಿಟ್ಟ ಕೋವಿಯನ್ನು ಖಂಡೇಪೂಜೆಗೆ ಇಡುವುದು ಹೇಗೆ? ಪೂಜೆಯ ಜಗಲಿಯಲ್ಲಿ ಕುಡುಗೋಲು, ಕುರಪಿ, ತಕ್ಕಡಿಗಳು ಕುಳಿತವು. ಕಾಯಿದೆಯ ಪರಿಣಾಮವನ್ನು ಅಳೆಯಲು ಎರಡು ಸೀಮೆಗಳ ಹಳೆಯ ನಳಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು. ಅದೇ ತುಲನೆಯ ಒಂದು ಪಕ್ಕವನ್ನು ಸಾಣೆ ಅಳಿಸಿಹಾಕುತ್ತದೆ.

ಆಚರಣೆಯಲ್ಲಿ ಇಂದಿಗೂ ಬಳಕೆಯಲ್ಲಿರುವ ಆಯುಧಕ್ಕೆ ಈ ವಾದ ಸಲ್ಲುವುದಿಲ್ಲ. ವೀರಭದ್ರನ ಪುರವಂತರು ಒಡಪು ಹೇಳುತ್ತ ಝಳಪಿಸುವ ಖಡ್ಗ ವರ್ಷವರ್ಷವೂ ಬೆಳಗಿಸಿಕೊಳ್ಳಬೇಕಾದದ್ದು. ಅದಕ್ಕೆ ತುಕ್ಕು ಉಳಿಸಿರೆಂದು ಹೇಳುವುದು ಸಂಶೋಧಕರ ಅತಿರೇಕವಾದೀತು. ಹಾಗೆಯೇ ಹತ್ತಿಪ್ಪತ್ತು ವರ್ಷ ಮಳೆ ಸೋರುವ ಅಟ್ಟದಲ್ಲಿ ಬಿದ್ದು ಕೆಂಪಾದ ತೀರ ಈಚಿನ ರಿವಾಲ್ವರಿಗೆ ಇತಿಹಾಸದ ಘನತೆಯನ್ನು ಆರೋಪಿಸಬೇಕಾಗಿಲ್ಲ. ವೀರಗಲ್ಲುಗಳಿಗೆ ಆಯಿಲ್ ಪೇಂಟ್ ಬಳಿದು ಅಕ್ಷರಗಳನ್ನು ಮುಚ್ಚಿದ ಭಕ್ತಿಯನ್ನು ಈ ಜಿಲ್ಲೆಯ ಶಾಸನಾಭ್ಯಾಸಿಗಳು ಬಲ್ಲರು. ಆದರೂ ಪೇಂಟನ್ನು ಬಿಡಿಸಬಹುದು. ಕಬ್ಬಿಣದಿಂದ ಕೆರೆದ ಮುದ್ರೆಗೆ ಆ ಭಾಗ್ಯವೂ ಇಲ್ಲ.

ಕಾನೂನಿನ ಮಾತೂ ಇದೆ. 1959ರ ಆಯುಧ ಕಾಯಿದೆಯ 45ನೆಯ ಕಲಮು ಹಳೆಯ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಸಣ್ಣ ಆಯುಧಗಳಿಗೆ ವಿನಾಯಿತಿ ನೀಡುತ್ತದೆ. ಆದರೆ ದುರಸ್ತಿ ಮಾಡಿಯಾಗಲಿ ಮಾಡದೆಯಾಗಲಿ ಬಂದೂಕಾಗಿ ಬಳಸಲು ಬಾರದಿರಬೇಕೆಂಬುದು ಅದರ ಷರತ್ತು. ವಯಸ್ಸೊಂದೇ ಸಾಲದು. ವ್ಯಾಪಾರ ಅಥವಾ ಕಸುಬಾಗಿ ಬಂದೂಕಿನ ದುರಸ್ತಿ ಮಾಡುವವರಿಗೂ 5ನೆಯ ಕಲಮಿನಂತೆ ಪರವಾನಗಿ ಬೇಕು. ಆದುದರಿಂದ ರಿವಾಲ್ವರನ್ನು ಊರ ಕಂಬಾರಸಾಲೆಗೆ ಒಯ್ದು ಗುಂಡುಗೂಡು ತಿರುಗುವಂತೆ ಮಾಡಿಸುವುದು ಮನೆತನವನ್ನು ಬೇರೆಯೇ ತೊಡಕಿಗೆ ಸಿಲುಕಿಸಬಲ್ಲದು. ಮೊದಲು ಪೊಲೀಸ್ ಠಾಣೆಗೆ ತಿಳಿಸಿ ಅದರ ಸ್ಥಿತಿಯನ್ನು ಪರವಾನಗಿಯುಳ್ಳ ಬಲ್ಲವರಿಂದ ನಿರ್ಣಯಿಸಿಕೊಳ್ಳುವುದೇ ದಾರಿ. ಹಳೆಯ ಬಾಯಿತುಂಬುವ ಕೋವಿ, ರಿವಾಲ್ವರುಗಳಲ್ಲಿ ಮದ್ದು ಹಾಗೆಯೇ ಉಳಿದಿರುವುದುಂಟು. ಒಣಗಿದ ಕರಿಮದ್ದು ನೂರು ವರ್ಷದ ಮೇಲೂ ಹೊತ್ತಿಕೊಳ್ಳಬಲ್ಲದು. ನಳಿಗೆಯನ್ನು ಬೆಂಕಿಗೆ ಹಿಡಿಯುವ ಕಂಬಾರನ ಜೀವದ ಪ್ರಶ್ನೆಯೂ ಇಲ್ಲಿದೆ.

ಠಾಣೆಯ ಕೆಲಸ ಮುಗಿದ ಮೇಲೆ, ಎಣ್ಣೆಯ ಹನಿ ತಾಗುವ ಮುನ್ನ, ದಾಖಲೆಯಾಗಬೇಕು: ಎರಡೂ ಪಕ್ಕೆಗಳ ಛಾಯಾಚಿತ್ರ, ಓರೆ ಬೆಳಕಿನಲ್ಲಿ ಮುದ್ರೆಗಳ ಚಿತ್ರ, ತೂಕ, ಅಳತೆ, ದೊರೆತ ಜಾಗದ ಮಣ್ಣು ಒಂದು ಹಿಡಿ, ಸುತ್ತಿದ್ದ ಬಟ್ಟೆ ಚರ್ಮಗಳ ಚೂರು, ಜೊತೆಗೆ ಮನೆಯ ಹಿರಿಯರು ಅದರ ಬಗೆಗೆ ಹೇಳುವ ಮಾತು ಅವರದೇ ನುಡಿಯಲ್ಲಿ. ಈ ಕೆಲಸ ಮುಂಡರಗಿ ತಾಲೂಕಿನಲ್ಲಿ ಈಗಾಗಲೇ ತಡವಾಗಿದೆ. ಹಮ್ಮಿಗಿಯ ಬಳಿ ತುಂಗಭದ್ರೆಗೆ ಕಟ್ಟಿದ ಬ್ಯಾರೇಜಿನ ಹಿನ್ನೀರಿನಿಂದ ಬಿದರಳ್ಳಿ, ಗುಮ್ಮಗೋಳ, ವಿಠಲಾಪುರಗಳು ಮುಳುಗಡೆಯ ಊರುಗಳಾದವು. ಹಳೆಯ ಮನೆ ಬಿಟ್ಟು ಏಳುವವರ ಗಂಟಿನಲ್ಲಿ ತುಕ್ಕು ಹಿಡಿದ ನಳಿಗೆಗೆ ಗುಜರಿಯ ತೂಕವಷ್ಟೇ ಬೆಲೆ. ಅಟ್ಟ, ಹಗೇವುಗಳಿಂದ ತೆಗೆದುದರಲ್ಲಿ ಯಾವುದು ಹೊಸ ಊರಿಗೆ ಹೋಯಿತು, ಯಾವುದು ಗುಜರಿಗೆ ಹೋಯಿತು ಎಂಬುದನ್ನು ಮನೆಮನೆಗೂ ಕೇಳಿ ಬರೆದುಕೊಳ್ಳುವುದು ಪುನರ್ವಸತಿಯ ಊರುಗಳಲ್ಲಿ ಈಗಲೂ ಸಾಧ್ಯವಿದೆ.