ಉಸಿರಿನ ವಿದ್ಯೆ ಹಳೆಯದು, ಹೆಸರು ಹೊಸದು

ಚೀನಾದ ಪಾರ್ಕುಗಳಲ್ಲಿ ಬೆಳಗಿನ ಹೊತ್ತು ವಯಸ್ಸಾದವರು ಸಾಲಾಗಿ ನಿಂತು, ನಿಧಾನವಾಗಿ ಕೈ ಎತ್ತಿ ಇಳಿಸುತ್ತಾ ಉಸಿರಾಡುವ ವಿಡಿಯೋಗಳನ್ನು ನೀವೂ ಮೊಬೈಲಿನಲ್ಲಿ ನೋಡಿರಬಹುದು. ಇಂಥ ಅಭ್ಯಾಸಗಳಿಗೆ ಚೀಗಾಂಗ್ ಎಂದು ಹೆಸರು. 'ಚೀ' ಅಂದರೆ ಉಸಿರು. ನಾವು ಪ್ರಾಣ ಅನ್ನುತ್ತೇವಲ್ಲ, ಆ ಅರ್ಥವೂ ಉಂಟು. 'ಗಾಂಗ್' ಅಂದರೆ ಪಟ್ಟು ಹಿಡಿದು ಮಾಡುವ ಅಭ್ಯಾಸ. ಇದು ಎಲ್ಲಾ ರೋಗಕ್ಕೂ ಮದ್ದು ಎಂಬ ಮಾತು ಕೇಳಿದಾಗ ನಾವು ಇದರ ಚರಿತ್ರೆಯನ್ನು ಒಮ್ಮೆ ನೋಡಬೇಕು.

ವಿದ್ಯೆ ಹಳೆಯದೇ, ಅದರಲ್ಲಿ ಅನುಮಾನವಿಲ್ಲ. 1973ರಲ್ಲಿ ಹುನಾನ್ ಪ್ರಾಂತ್ಯದ ಛಾಂಗ್ಷಾ ಬಳಿ ಮವಾಂಗ್‌ದುಯಿ ಎಂಬಲ್ಲಿ ಒಂದು ಗೋರಿ ಅಗೆದರು. ಅದನ್ನು ಮುಚ್ಚಿದ್ದು ಕ್ರಿ.ಪೂ. 168ರಲ್ಲಿ. ಒಳಗೆ ಸಿಕ್ಕ ರೇಷ್ಮೆ ಬಟ್ಟೆಯ ಮೇಲೆ 44 ಜನರ ಚಿತ್ರವಿತ್ತು. ಗಂಡಸರು, ಹೆಂಗಸರು, ಮುದುಕರು, ಹರೆಯದವರು ಎಲ್ಲರೂ ಮೈ ಬಾಗಿಸಿ, ಕೈ ಚಾಚಿ ವ್ಯಾಯಾಮ ಮಾಡುತ್ತಿದ್ದಾರೆ. ಆಮೇಲೆ ಸುಮಾರು 1800 ವರ್ಷಗಳ ಹಿಂದೆ ಹುವಾ ತುವೋ ಎಂಬ ವೈದ್ಯ ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ ಈ ಐದರ ನಡೆಯನ್ನು ಅನುಕರಿಸುವ ವ್ಯಾಯಾಮ ಕಲಿಸಿದ ಎಂದು ಅಲ್ಲಿನ ಹಳೆಯ ಇತಿಹಾಸ ಗ್ರಂಥಗಳು ಹೇಳುತ್ತವೆ.

ಆದರೆ ಇವನ್ನೆಲ್ಲ ಸೇರಿಸಿ ಚೀಗಾಂಗ್ ಎಂದು ಕರೆಯುವ ರೂಢಿ ಬಂದದ್ದು 1949ರ ಆಸುಪಾಸಿನಲ್ಲಿ. ಹೆಬೆ ಪ್ರಾಂತ್ಯದ ಲಿಯು ಗುಯಿಜೆನ್ ಕಮ್ಯುನಿಸ್ಟ್ ಪಕ್ಷದ ಸಣ್ಣ ಕಾರ್ಯಕರ್ತ. ಹೊಟ್ಟೆ ಹುಣ್ಣಿನಿಂದ ಸೊರಗಿ 1947ರಲ್ಲಿ ಊರಿಗೆ ಬಂದಾಗ, ಹಿರಿಯ ಬಂಧುವೊಬ್ಬರು ಉಸಿರಿನ ಅಭ್ಯಾಸ ಹೇಳಿಕೊಟ್ಟರು. ಆರೋಗ್ಯ ಸುಧಾರಿಸಿ ಆತ ಕೆಲಸಕ್ಕೆ ಮರಳಿದ. ಆಗ ದೇಶದಲ್ಲಿ ಡಾಕ್ಟರೂ ಕಡಿಮೆ, ಔಷಧವೂ ಕಡಿಮೆ. ಖರ್ಚಿಲ್ಲದ ಈ ವಿದ್ಯೆ ಸರ್ಕಾರಕ್ಕೆ ಹಿಡಿಸಿತು. ಮಂತ್ರ, ಗುರುಪೂಜೆಯನ್ನು ತೆಗೆದುಹಾಕಿ, ಆರೋಗ್ಯಕ್ಕಾಗಿ ಕೂರುತ್ತೇನೆ ಎಂಬಂಥ ಸರಳ ಮಾತನ್ನು ಮನಸ್ಸಿನಲ್ಲಿ ಹೇಳಿಕೊಳ್ಳಲು ಕಲಿಸಿದರು. 1950ರ ದಶಕದಲ್ಲಿ ತಾಂಗ್‌ಶಾನ್, ಬೇದೈಹೆಗಳಲ್ಲಿ ಚೀಗಾಂಗ್ ಆರೋಗ್ಯಧಾಮಗಳು ಎದ್ದವು.

ಹತ್ತು ವರ್ಷದಲ್ಲಿ ಗಾಳಿ ತಿರುಗಿತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಇದೇ ವಿದ್ಯೆ ಮೂಢನಂಬಿಕೆ ಅನ್ನಿಸಿಕೊಂಡಿತು. ಹೊಗಳಿಸಿಕೊಂಡಿದ್ದ ಲಿಯು ಹುದ್ದೆ ಕಳೆದುಕೊಂಡು ಶಿಕ್ಷೆ ಅನುಭವಿಸಿದ.

ಮತ್ತೆ ಜೀವ ಕೊಟ್ಟವರಲ್ಲಿ ಗುವೋ ಲಿನ್ ಎಂಬ ಚಿತ್ರಕಲಾವಿದೆ ಮುಖ್ಯರು. ಗರ್ಭಕೋಶದ ಕ್ಯಾನ್ಸರ್ ಬಂದಿದ್ದ ಅವರು 1970ರ ದಶಕದಲ್ಲಿ ಬೀಜಿಂಗಿನ ಪಾರ್ಕುಗಳಲ್ಲಿ ನಡಿಗೆ ಜತೆ ಉಸಿರಿನ ಅಭ್ಯಾಸ ಕಲಿಸಿದರು. ಅವರಿಗೆ ಆಪರೇಷನ್ ಕೂಡ ಆಗಿತ್ತು ಎಂಬುದನ್ನು ನಾವು ಮರೆಯಬಾರದು. 1980ರ ದಶಕದಲ್ಲಂತೂ ಇದು ಜ್ವರದಂತೆ ಹಬ್ಬಿತು. ಕೈ ಬೀಸಿ ರೋಗ ವಾಸಿ ಮಾಡುತ್ತೇವೆ ಎನ್ನುವ ಗುರುಗಳು ಹುಟ್ಟಿಕೊಂಡರು, ಅವರ ಸಭೆಗೆ ಸಾವಿರಾರು ಜನ ಸೇರಿದರು. ಈ ಅಲೆಯಲ್ಲೇ ಬೆಳೆದ ಫಾಲುನ್ ಗಾಂಗ್ ಪಂಥವನ್ನು 1999ರ ಜುಲೈಯಲ್ಲಿ ಸರ್ಕಾರ ನಿಷೇಧಿಸಿ, ಅನುಯಾಯಿಗಳನ್ನು ಜೈಲಿಗೆ ಹಾಕಿತು. ಆಮೇಲೆ ಕ್ರೀಡಾ ಇಲಾಖೆಯೇ ನಾಲ್ಕು ಬಗೆಯ ವ್ಯಾಯಾಮಗಳನ್ನು ಆರಿಸಿ ಜನರಿಗೆ ಕೊಟ್ಟಿತು. ಹುವಾ ತುವೋನ ಐದು ಪ್ರಾಣಿಗಳ ಆಟವೂ ಅದರಲ್ಲಿ ಒಂದು.

ಐವತ್ತು ವರ್ಷದಲ್ಲಿ ಒಂದೇ ಅಭ್ಯಾಸ ಔಷಧವಾಯಿತು, ಅಪರಾಧವಾಯಿತು, ಪವಾಡವಾಯಿತು, ಕೊನೆಗೆ ವ್ಯಾಯಾಮವಾಯಿತು. ಕೈ ಎತ್ತಿ ಉಸಿರು ಎಳೆಯುವ ಕ್ರಮ ಹೆಚ್ಚು ಬದಲಾಗಲಿಲ್ಲ. ಅದರ ಬಗ್ಗೆ ಆಡಿದ ಮಾತು ಮಾತ್ರ ಬದಲಾಯಿತು. ನಿಧಾನವಾಗಿ ಉಸಿರಾಡಿದರೆ ಮನಸ್ಸು ತಣ್ಣಗಾಗುತ್ತದೆ, ಮೈ ಸಡಿಲಾಗುತ್ತದೆ. ಮನೆಯ ಅಂಗಳದಲ್ಲೇ ಮಾಡಬಹುದು, ದುಡ್ಡೂ ಬೇಡ. ಆದರೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟು ಇದನ್ನು ಮಾಡಿ ಎನ್ನುವ ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ. ಉಸಿರಾಟದ ಅಭ್ಯಾಸವೂ ಇರಲಿ, ಮಾತ್ರೆಯೂ ಇರಲಿ.