ಕಂಚಿನ ಕಾಸು, ಅದರ ಊರು

ಅಗಲ ಎರಡು ಸೆಂಟಿಮೀಟರಿನ ಆಸುಪಾಸು, ತೂಕ ಏಳು ಗ್ರಾಂ ಇದ್ದೀತು. ಮೈತುಂಬ ಹಸಿರು ಕಿಲುಬು. ಒಂದು ಬದಿಗೆ ಎಡಕ್ಕೆ ತಿರುಗಿದ ಗಡ್ಡದ ಮುಖ. ಇನ್ನೊಂದು ಬದಿಗೆ ತ್ರಿಶೂಲ, ಅದರ ಎರಡೂ ಪಕ್ಕದಲ್ಲಿ ಒಂದೊಂದು ಡಾಲ್ಫಿನ್. ತೀರಿಹೋದ ಹಿರಿಯರ ಪೆಟ್ಟಿಗೆಯಿಂದ ಇಂಥದೊಂದು ನಾಣ್ಯ ಕೈಗೆ ಬಂದವರು ಮೊದಲು ಕೇಳುವುದು ಅದರ ಬೆಲೆಯನ್ನು. ಅದಕ್ಕೂ ಮೊದಲು ತಿಳಿಯಬೇಕಾದದ್ದು ಅದು ಯಾರದು, ಯಾವ ಊರಿನದು ಎಂಬುದನ್ನು.

ತ್ರಿಶೂಲ ಕಂಡೊಡನೆ ನಮ್ಮವರಿಗೆ ಶಿವ ನೆನಪಾಗುವುದು ಸಹಜ. ಗ್ರೀಕರಿಗೆ ಅದು ಕಡಲ ದೇವರಾದ ಪೊಸೈಡನ್ನನ ಆಯುಧ. ಗಡ್ಡದ ಮುಖವೂ ಅವನದೇ. ತ್ರಿಶೂಲದ ಹಿಡಿಯ ಆಚೀಚೆ ಅಕ್ಷರಗಳು ಇಬ್ಭಾಗವಾಗಿ ಕೂತಿವೆ. ಇಂಗ್ಲಿಷಿನ ‘ಪಿ’ಯಂತೆ ಕಾಣುವುದು ಗ್ರೀಕಿನಲ್ಲಿ ‘ರ’, ಲಾಳದಂಥದ್ದು ದೀರ್ಘ ‘ಓ’. ಕೂಡಿಸಿ ಓದಿದರೆ ‘ಹಿಯೆರೋನೊಸ್’, ಅಂದರೆ ‘ಹಿಯೆರೋನನ’. ದೊರೆಯ ಹೆಸರಾಗಲಿ ಊರವರ ಹೆಸರಾಗಲಿ ಗ್ರೀಕ್ ನಾಣ್ಯದಲ್ಲಿ ಸಾಮಾನ್ಯವಾಗಿ ಷಷ್ಠಿ ವಿಭಕ್ತಿಯಲ್ಲೇ ಇರುತ್ತದೆ.

ಈತ ಸಿಸಿಲಿ ದ್ವೀಪದ ಸಿರಾಕ್ಯೂಸ್ ನಗರವನ್ನು ಕ್ರಿ.ಪೂ. ಸುಮಾರು 270ರಿಂದ 215ರವರೆಗೆ ಆಳಿದ ಎರಡನೆಯ ಹಿಯೆರೋನ್. ಮೊದಲು ರೋಮನ್ನರ ಮೇಲೆ ಯುದ್ಧಕ್ಕೆ ಹೋದವನು, ಕ್ರಿ.ಪೂ. 263ರಲ್ಲಿ ಅವರೊಂದಿಗೇ ಒಪ್ಪಂದ ಮಾಡಿಕೊಂಡು, ಸುತ್ತಲೂ ಯುದ್ಧ ಉರಿಯುತ್ತಿದ್ದಾಗ ತನ್ನ ನಗರವನ್ನು ನೆಮ್ಮದಿಯಲ್ಲಿ ಇಟ್ಟ. ಆರ್ಕಿಮಿಡೀಸ್ ಬಾಳಿದ್ದು ಇದೇ ಊರಿನಲ್ಲಿ, ಇದೇ ದೊರೆಯ ಕಾಲದಲ್ಲಿ. ಇಂಥ ಕಾಸು ಆತನ ಕೈಯಲ್ಲೂ ಓಡಾಡಿರಲು ಸಾಕು.

ಬೆಳ್ಳಿಗೆ ಅದರ ತೂಕವೇ ಬೆಲೆ. ಎಲ್ಲಿಗೆ ಹೋದರೂ ಕೊಳ್ಳುವವರಿದ್ದರು. ಕ್ರಿ.ಪೂ. 5ನೆಯ ಶತಮಾನದಲ್ಲಿ ಸಿಸಿಲಿ, ದಕ್ಷಿಣ ಇಟಲಿಯ ಗ್ರೀಕ್ ಊರುಗಳು ಚಿಲ್ಲರೆ ವ್ಯವಹಾರಕ್ಕೆಂದು ಕಂಚನ್ನು ಹಿಡಿದಾಗ ಲೆಕ್ಕ ಬದಲಾಯಿತು. ಊರಿನ ಆಡಳಿತ ಹೇಳಿದ್ದೇ ಕಂಚಿನ ಬೆಲೆ. ಮುಂದೆ ಅಥೆನ್ಸಿನಲ್ಲಿ ಎಂಟು ಕಂಚಿನ ಕಾಸಿಗೆ ಬೆಳ್ಳಿಯ ಒಂದು ಒಬೊಲ್, ಆರು ಒಬೊಲಿಗೆ ಒಂದು ದ್ರಾಕ್ಮಾ ಎಂದಾಯಿತು. ಅರಿಸ್ಟೋಫೇನಿಸನ ನಾಟಕವೊಂದರಲ್ಲಿ ಒಬ್ಬ ದ್ರಾಕ್ಷಿ ಮಾರಿ, ಬಂದ ಕಾಸನ್ನು ಅಂದಿನ ರೂಢಿಯಂತೆ ಬಾಯೊಳಗೆ ಇಟ್ಟುಕೊಂಡು ಹಿಟ್ಟು ಕೊಳ್ಳಲು ಹೋಗುತ್ತಾನೆ. ಚೀಲ ಚಾಚುವಷ್ಟರಲ್ಲಿ ಡಂಗುರದವನು ಕಂಚಿನ ಕಾಸು ಇನ್ನು ನಡೆಯದೆಂದು ಸಾರುತ್ತಾನೆ!

ಹೀಗಾಗಿ ಕಂಚಿನ ಕಾಸು ಹೆಚ್ಚಾಗಿ ತಾನು ಹುಟ್ಟಿದ ಸೀಮೆಯಲ್ಲೇ ಸುತ್ತಾಡಿತು, ಅಲ್ಲೇ ಮಣ್ಣಾಯಿತು. ಸಿಕ್ಕ ಜಾಗ ಗೊತ್ತಿದ್ದರೆ ಗುರುತಿಸುವ ಕೆಲಸ ಅರ್ಧ ಮುಗಿದಂತೆ. ಪೆಟ್ಟಿಗೆಯಲ್ಲಿ ನಾಣ್ಯದ ಜೊತೆಗಿದ್ದ ಹಳೆಯ ಚೀಟಿ, ಮೇಲೆ ಊರಿನ ಹೆಸರು ಗೀಚಿದ ಲಕೋಟೆ ಇವನ್ನು ಕಸವೆಂದು ಎಸೆಯುವುದು ದೊಡ್ಡ ನಷ್ಟ. ಹುಣಸೆಹಣ್ಣು ಹಾಕಿ ಉಜ್ಜುವುದೂ ಅಷ್ಟೇ. ಪಾತ್ರೆಗೆ ಒಪ್ಪುವ ಆ ಹೊಳಪು ನಾಣ್ಯದ ಅಕ್ಷರಗಳನ್ನೇ ತಿಂದುಹಾಕುತ್ತದೆ.

ವಿಯೆನ್ನಾದ ಯೋಸೆಫ್ ಎಕೆಲ್ 1792ರಿಂದ 1798ರವರೆಗೆ ಎಂಟು ಸಂಪುಟಗಳಲ್ಲಿ ಪ್ರಾಚೀನ ನಾಣ್ಯಗಳನ್ನು ವಿಂಗಡಿಸಿದಾಗ, ಗ್ರೀಕ್ ನಾಣ್ಯಗಳನ್ನು ಊರಿನ ಪ್ರಕಾರ ಜೋಡಿಸಿದ; ಸ್ಪೇನಿನಿಂದ ಹೊರಟು ಮೆಡಿಟರೇನಿಯನ್ ಕಡಲನ್ನು ಸುತ್ತುವ ಕ್ರಮ ಅದು. ಇಂದಿನ ಕ್ಯಾಟಲಾಗುಗಳೂ ಬಹುಮಟ್ಟಿಗೆ ಅದೇ ದಾರಿಯವು. ಸಿಂಹದ ಚರ್ಮ ಹೊದ್ದ ಹೆರಾಕ್ಲಿಸ್, ಹಿಂದೆ ಬಿಲ್ಲು ಮತ್ತು ಗದೆ ಇದ್ದರೆ ಮೊದಲು ನೋಡಬೇಕಾದದ್ದು ಅಲೆಕ್ಸಾಂಡರನ ಪುಟ. ಸಿಡಿಲಿನ ಮೇಲೆ ನಿಂತ ಹದ್ದು, ನಟ್ಟನಡುವೆ ಸಣ್ಣ ಗುಳಿ ಇದ್ದರೆ ಈಜಿಪ್ಟಿನ ಟಾಲೆಮಿಗಳದು. ಅಂಚಿನ ಸುತ್ತ ಬೆಸುಗೆಯಂಥ ಗೆರೆ ಕಂಡರೆ ಮಾತ್ರ ಎಚ್ಚರ ಬೇಕು: ಅದು ಎರಕ ಹೊಯ್ದ ನಕಲಿ ಇರಬಹುದು.

ಸಿಕ್ಕ ಜಾಗದ ಲೆಕ್ಕ ಇಡುವುದರಿಂದ ಎಷ್ಟು ದೂರ ಹೋಗಬಹುದೆಂಬುದಕ್ಕೆ ನಮ್ಮ ಕಡೆಯದೇ ಒಂದು ಸಾಕ್ಷಿಯಿದೆ. 1830ರ ದಶಕದಲ್ಲಿ ಚಾರ್ಲ್ಸ್ ಮ್ಯಾಸನ್ ಕಾಬೂಲಿನ ಉತ್ತರಕ್ಕಿರುವ ಬೆಗ್ರಾಮಿನಲ್ಲಿ ಸಾವಿರಾರು ನಾಣ್ಯಗಳನ್ನು ಕೂಡಿಸಿ, ಎಲ್ಲಿ ದೊರೆತವೆಂದು ದಾಖಲಿಸಿದ. ಅವುಗಳಲ್ಲಿ ಮಿನಾಂಡರ್ ಮೊದಲಾದ ಗ್ರೀಕ್ ದೊರೆಗಳ ನಾಣ್ಯಗಳೂ ಇದ್ದವು: ಒಂದು ಬದಿಗೆ ಗ್ರೀಕ್, ಇನ್ನೊಂದು ಬದಿಗೆ ಆಗ ಯಾರಿಗೂ ತಿಳಿಯದಿದ್ದ ಲಿಪಿ. ಎರಡೂ ಬದಿಯಲ್ಲಿ ಒಂದೇ ಹೆಸರಿದೆಯೆಂದು ಮ್ಯಾಸನ್ ಊಹಿಸಿದ. ಕಲ್ಕತ್ತಾ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ ಆ ಎಳೆ ಹಿಡಿದು ಅಕ್ಷರಗಳನ್ನು ಬಿಡಿಸುತ್ತ ಹೋದ. ಅದೇ ಖರೋಷ್ಠಿ. ಮುಂದೆ 1892ರಲ್ಲಿ ಬಿ.ಎಲ್. ರೈಸ್ ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಬ್ರಾಹ್ಮಿಯ ಆ ಬರಹದ ಕೊನೆಗೆ ಚಪಡನೆಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನಷ್ಟೇ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೊರೆದಿದ್ದ. ಬೆಗ್ರಾಮಿನಂಥ ಕಡೆ ಸಿಕ್ಕ ಆ ನಾಣ್ಯಗಳಿಂದ ಕಲಿತ ಅಕ್ಷರಗಳೇ ಚಿತ್ರದುರ್ಗದ ಬಂಡೆಯ ಆ ಒಂದು ಪದವನ್ನೂ ಓದಿಸಿದವು.